ಏರಿನಲ್ಲಿ ಬಂಟ, ಇಳಿಜಾರಿನಲ್ಲಿ ನೆಂಟ: ಫೋರ್ ವೀಲ್ ಡ್ರೈವ್‌ನಲ್ಲಿ ಆಟೊಮ್ಯಾಟಿಕ್ ಗೇರ್

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಸೀಮೆಯ ಕಾಫಿ ತೋಟವೊಂದರಲ್ಲಿ, ಹೊಸದಾಗಿ ಕೊಂಡ ಫೋರ್ ವೀಲ್ ಡ್ರೈವ್ ವಾಹನದಲ್ಲಿ ಕುಳಿತು ಗುಡ್ಡ ಹತ್ತುವ ಸಂದರ್ಭ ಒದಗಿತ್ತು. ಚಾಲಕರು ಸುಮಾರು ಮೂವತ್ತು ವರ್ಷಗಳಿಂದ ತೋಟದ ಜೀಪು ಓಡಿಸಿದವರು. ಆದರೆ ಕ್ಲಚ್ ಪೆಡಲ್ ಇಲ್ಲದ ವಾಹನ ಅವರ ಕೈಗೆ ಬಂದು ತಿಂಗಳೂ ತುಂಬಿರಲಿಲ್ಲ. ಕೆಸರು ತುಂಬಿದ ಕಡಿದಾದ ಏರನ್ನು ವಾಹನ ಒಂದೇ ಉಸಿರಿಗೆ, ಎಲ್ಲಿಯೂ ತಡವರಿಸದೆ ಹತ್ತಿತು. ಚಾಲಕರ ಮುಖದಲ್ಲಿ ಮೆಚ್ಚುಗೆ ಎದ್ದು ಕಾಣುತ್ತಿತ್ತು. ಅದೇ ದಾರಿಯಲ್ಲಿ ಇಳಿಯತೊಡಗಿದಾಗ ಮಾತ್ರ ಚಿತ್ರ ಬದಲಾಯಿತು. ಲೋ ರೇಂಜ್ ಹಾಕಿದ್ದರೂ ವಾಹನ ಹಿಡಿತಕ್ಕೆ ಸಿಗದೆ ವೇಗ ಕೂಡಿಸಿಕೊಳ್ಳುತ್ತ ಹೋಯಿತು. ಬ್ರೇಕ್ ಒತ್ತಿದಾಗ ಚಕ್ರಗಳು ಕೆಸರಿನಲ್ಲಿ ಜಾರಿದವು, ಎಬಿಎಸ್ ಕಟಕಟನೆ ಸದ್ದು ಮಾಡಿತು. ಕೆಳಗೆ ಗೇಟಿನ ಬಳಿ ತಲಪುವಷ್ಟರಲ್ಲಿ ಬ್ರೇಕ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿತ್ತು. "ಗಾಡಿ ಹಿಡಿಯೋದೇ ಇಲ್ಲ, ಗೇರ್‌ಬಾಕ್ಸಲ್ಲಿ ಏನೋ ದೋಷ ಇದೆ" ಎಂದರು ಅವರು.

ಗೇರ್‌ಬಾಕ್ಸಿನಲ್ಲಿ ದೋಷವೇನೂ ಇರಲಿಲ್ಲ. ಅದು ತನ್ನ ಸ್ವಭಾವಕ್ಕೆ ತಕ್ಕಂತೆಯೇ ನಡೆದುಕೊಂಡಿತ್ತು. ಏರಿನಲ್ಲಿ ಅದನ್ನು ಬಂಟನನ್ನಾಗಿಸಿದ ಗುಣ ಯಾವುದೋ, ಇಳಿಜಾರಿನಲ್ಲಿ ಅದನ್ನು ಕೈಕಟ್ಟಿ ಕೂರುವ ನೆಂಟನನ್ನಾಗಿಸಿದ್ದೂ ಅದೇ ಗುಣ. ಈ ಒಂದು ಸಂಗತಿಯನ್ನು ಅರಿತುಕೊಂಡರೆ ಫೋರ್ ವೀಲ್ ಡ್ರೈವ್‌ನಲ್ಲಿ ಆಟೊಮ್ಯಾಟಿಕ್ ವಾಹನ ತೋರುವ ಬಹುಪಾಲು ವಿಚಿತ್ರ ವರ್ತನೆಗಳು ಅರ್ಥವಾಗುತ್ತವೆ.

ಮಲೆನಾಡಿಗೂ ಕೊಡಗಿಗೂ ಜೀಪು ಹೊಸತಲ್ಲ. ಕೊಡಚಾದ್ರಿಯ ಕಲ್ಲುದಾರಿಯಲ್ಲಿ, ಮಡಿಕೇರಿ ಬಳಿಯ ಮಾಂದಲಪಟ್ಟಿಯ ಕೆಸರಿನಲ್ಲಿ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳನ್ನು ಕಂಡವರಿಗೆ ಅವುಗಳ ಚಾಲಕರ ಕೈಚಳಕದ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಆ ಕೈಚಳಕವೆಲ್ಲ ಎಡಗಾಲಿನ ಕ್ಲಚ್ ಮತ್ತು ಎರಡು ಗೇರ್ ದಂಡಗಳ ಸುತ್ತ ಬೆಳೆದು ಬಂದದ್ದು. ಕಡಿಮೆ ಬೆಲೆಯ ಜೀಪು ವರ್ಗದಲ್ಲಿ ಆಟೊಮ್ಯಾಟಿಕ್ ಗೇರ್ ಕಾಣಿಸಿಕೊಂಡದ್ದು ಈಚೆಗೆ. 2020ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದ ಹೊಸ ಮಹೀಂದ್ರ ಥಾರ್ ಆರು ಗೇರುಗಳ ಆಟೊಮ್ಯಾಟಿಕ್ ಆಯ್ಕೆಯನ್ನು ತಂದಿತು. 2023ರ ಜೂನ್‌ನಲ್ಲಿ ಬಂದ ಮಾರುತಿ ಸುಜುಕಿ ಜಿಮ್ನಿ ನಾಲ್ಕು ಗೇರುಗಳ ಆಟೊಮ್ಯಾಟಿಕ್ ತಂದಿತು. ಅಮೆರಿಕದಲ್ಲಿ ಈ ಜೋಡಣೆ ಬಹಳ ಹಳೆಯದು. 1963ರ ಮಾದರಿಯ ಜೀಪ್ ವ್ಯಾಗನೀರ್‌ನಲ್ಲಿಯೇ ಫೋರ್ ವೀಲ್ ಡ್ರೈವ್ ಜೊತೆ ಆಟೊಮ್ಯಾಟಿಕ್ ಗೇರ್ ದೊರೆಯುತ್ತಿತ್ತು.

ಗೇರ್‌ಬಾಕ್ಸಿಗೆ ತಿಳಿಯದ ಸಂಗತಿ

ಮೊದಲು ಶಕ್ತಿ ಹರಿಯುವ ದಾರಿಯನ್ನು ನೋಡೋಣ. ಎಂಜಿನ್ನಿನಿಂದ ಹೊರಟ ಶಕ್ತಿ ಟಾರ್ಕ್ ಕನ್ವರ್ಟರ್‌ಗೆ ಬರುತ್ತದೆ, ಅಲ್ಲಿಂದ ಗೇರ್‌ಬಾಕ್ಸಿಗೆ. ಗೇರ್‌ಬಾಕ್ಸಿನ ಬೆನ್ನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಮತ್ತೊಂದು ಪೆಟ್ಟಿಗೆ ಇರುತ್ತದೆ. ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಮಾತ್ರ ಕಳಿಸಬೇಕೇ, ಮುಂದಿನವಕ್ಕೂ ಹಂಚಬೇಕೇ ಎಂಬುದು ನಿರ್ಧಾರವಾಗುವುದು ಇಲ್ಲಿ. ಸಾಮಾನ್ಯ ವೇಗದ 4ಎಚ್ ಮತ್ತು ಕಡಿಮೆ ವೇಗ, ಹೆಚ್ಚು ಬಲದ 4ಎಲ್ ಎಂಬ ಎರಡು ಮಜಲುಗಳಿರುವುದೂ ಇಲ್ಲಿಯೇ.

ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಯಂತ್ರಭಾಗಗಳಿಗೆ ತನ್ನ ಹಿಂದೆ ಎರಡು ಚಕ್ರಗಳಿವೆಯೋ ನಾಲ್ಕಿವೆಯೋ ಎಂಬುದೇ ಗೊತ್ತಿಲ್ಲ. ಅದಕ್ಕೆ ಕಾಣುವುದು ತನ್ನಿಂದ ಹೊರಟ ದಂಡ ಎಷ್ಟು ವೇಗವಾಗಿ ತಿರುಗುತ್ತಿದೆ, ಎಂಜಿನ್ ಎಷ್ಟು ದುಡಿಯುತ್ತಿದೆ ಎಂಬಷ್ಟೇ. ನೆಲವನ್ನು ಅದು ನೋಡುವುದಿಲ್ಲ. ಕೆಸರಿನಲ್ಲಿ ಚಕ್ರ ಗಿರ್ರನೆ ತಿರುಗಿದರೆ ದಂಡದ ವೇಗ ಏರುತ್ತದೆ. ವಾಹನ ವೇಗವಾಗಿ ಓಡುತ್ತಿದೆ ಎಂದು ಬಗೆದು ಗೇರ್‌ಬಾಕ್ಸು ಮೇಲಿನ ಗೇರಿಗೆ ಹೋಗಿಬಿಡುವುದುಂಟು. ವಾಹನ ನಿಂತಲ್ಲೇ ನಿಂತಿರುತ್ತದೆ! ಕೆಸರಿಗೆ ಇಳಿಯುವ ಮೊದಲೇ ಗೇರನ್ನು 'ಡಿ'ಯಿಂದ ತಪ್ಪಿಸಿ '2' ಅಥವಾ 'ಎಲ್'ನಲ್ಲಿ, ಇಲ್ಲವೇ ಮ್ಯಾನುಯಲ್ ಸ್ಥಾನದಲ್ಲಿ ಕಟ್ಟಿಹಾಕಬೇಕು ಎನ್ನುವುದು ಇದಕ್ಕಾಗಿ. ಹೊಸ ವಾಹನಗಳ ಕಂಪ್ಯೂಟರಿಗೆ 4ಎಲ್ ಹಾಕಿರುವ ಸೂಚನೆ ಹೋಗುತ್ತದೆ, ಕೆಲವು ವಾಹನಗಳು ಅದಕ್ಕೆ ತಕ್ಕಂತೆ ಗೇರ್ ಬದಲಿಸುವ ಕ್ರಮವನ್ನು ಮಾರ್ಪಡಿಸಿಕೊಳ್ಳುತ್ತವೆ ಎಂಬುದು ನಿಜ. ಆದರೂ ಮುಂದಿನ ತಿರುವಿನಾಚೆ ಏರಿದೆಯೋ ಇಳಿಜಾರಿದೆಯೋ ಎಂಬುದನ್ನು ಕಾಣಬಲ್ಲವರು ಚಾಲಕರೊಬ್ಬರೇ.

ಎಣ್ಣೆಯ ಮೂಲಕ ಕೈಕುಲುಕುವ ಯಂತ್ರ

ಈಗ ಟಾರ್ಕ್ ಕನ್ವರ್ಟರ್‌ಗೆ ಬರೋಣ. ಎಲ್ಲ ಮರ್ಮವೂ ಅಡಗಿರುವುದು ಇದರಲ್ಲಿ. ಇದರ ಮೂಲ ಕಲ್ಪನೆ ಜರ್ಮನಿಯ ಎಂಜಿನಿಯರ್ ಹರ್ಮನ್ ಫೊಟಿಂಗರ್ ಅವರದು. 1905ರಲ್ಲಿ ಅವರು ಪೇಟೆಂಟ್ ಪಡೆದದ್ದು ಮೋಟಾರು ಕಾರಿಗಾಗಿ ಅಲ್ಲ, ಹಡಗಿನ ಟರ್ಬೈನ್ ಹಾಗೂ ಪ್ರೊಪೆಲ್ಲರ್‌ಗಳ ನಡುವಣ ಸಂಪರ್ಕಕ್ಕಾಗಿ.

ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದಕ್ಕೆ ಮಾತ್ರ ವಿದ್ಯುತ್ ಕೊಟ್ಟರೆ ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುವುದನ್ನು ಬಹುಮಂದಿ ಕಂಡಿರಬಹುದು. ಟಾರ್ಕ್ ಕನ್ವರ್ಟರ್ ಕೂಡ ಇಂಥದೇ, ಗಾಳಿಯ ಬದಲು ಎಣ್ಣೆ ಅಷ್ಟೆ. ಎಂಜಿನ್ನಿಗೆ ಅಂಟಿಕೊಂಡ ಇಂಪೆಲ್ಲರ್ ಎಂಬ ರೆಕ್ಕೆಗಳ ಬಟ್ಟಲು ಎಣ್ಣೆಯನ್ನು ಎಸೆಯುತ್ತದೆ, ಗೇರ್‌ಬಾಕ್ಸಿಗೆ ಅಂಟಿಕೊಂಡ ಟರ್ಬೈನ್ ಎಂಬ ಬಟ್ಟಲು ಆ ಎಣ್ಣೆಯ ಹೊಡೆತಕ್ಕೆ ತಿರುಗುತ್ತದೆ. ಇಬ್ಬರ ನಡುವೆ ಲೋಹಕ್ಕೆ ಲೋಹ ತಾಗುವುದಿಲ್ಲ. ಆದ್ದರಿಂದಲೇ ವಾಹನ ಪೂರ್ತಿ ನಿಂತಿದ್ದರೂ ಎಂಜಿನ್ ಬಂದಾಗುವುದಿಲ್ಲ.

ಇಷ್ಟೇ ಆಗಿದ್ದರೆ ಅದು ಬರಿಯ ಜೋಡಣೆಯಾಗುತ್ತಿತ್ತು. ಮಧ್ಯದಲ್ಲಿ ಸ್ಟೇಟರ್ ಎಂಬ ಮೂರನೆಯ ರೆಕ್ಕೆಚಕ್ರವೊಂದಿದೆ. ಟರ್ಬೈನಿಗೆ ಬಡಿದು ಹಿಂದಿರುಗುವ ಎಣ್ಣೆ ಎಂಜಿನ್ನಿಗೆ ಅಡ್ಡಲಾಗಿ ನುಗ್ಗುವ ಬದಲು, ಸ್ಟೇಟರ್ ಅದರ ದಿಕ್ಕನ್ನು ತಿರುಗಿಸಿ ಇಂಪೆಲ್ಲರ್‌ಗೆ ನೆರವಾಗುವಂತೆ ಕಳಿಸುತ್ತದೆ. ಪರಿಣಾಮವಾಗಿ, ವಾಹನ ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ತಿರುಗುಬಲ ಸುಮಾರು ಎರಡು ಪಟ್ಟಾಗಿ ಗೇರ್‌ಬಾಕ್ಸಿಗೆ ದೊರೆಯುತ್ತದೆ. ಟರ್ಬೈನಿನ ವೇಗ ಏರಿದಂತೆ ಈ ಲಾಭ ಕರಗುತ್ತ ಬಂದು, ಎರಡೂ ಹೆಚ್ಚುಕಡಿಮೆ ಒಂದೇ ವೇಗಕ್ಕೆ ಬಂದಾಗ ಇಲ್ಲವಾಗುತ್ತದೆ. ಆ ಹಂತದಲ್ಲಿ ಲಾಕ್‌ಅಪ್ ಕ್ಲಚ್ ಎಂಬ ಫಲಕವು ಎರಡನ್ನೂ ಒಟ್ಟಿಗೆ ಕಚ್ಚಿ ಹಿಡಿಯುತ್ತದೆ. ಆದರೆ ಈ ಹಿಡಿತ ಸಾಮಾನ್ಯವಾಗಿ ಮೇಲಿನ ಗೇರುಗಳಲ್ಲಿ, ವೇಗ ಸಾಕಷ್ಟಿದ್ದಾಗ ಮಾತ್ರ. ಗುಡ್ಡದ ದಾರಿಯಲ್ಲಿ, ಮೊದಲ ಗೇರಿನಲ್ಲಿ ತೆವಳುವಾಗ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಇರುವುದು ಎಣ್ಣೆ ಮಾತ್ರ.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ತಿರುಗುಬಲವನ್ನು ಹೆಚ್ಚಿಸುವ ಈ ಉಪಕಾರ ಒಮ್ಮುಖ. ಎಂಜಿನ್ ಚಕ್ರವನ್ನು ತಳ್ಳುವಾಗ ಮಾತ್ರ ಅದು ದೊರೆಯುತ್ತದೆ. ಇಳಿಜಾರಿನಲ್ಲಿ ಚಕ್ರ ಎಂಜಿನ್ನನ್ನು ತಳ್ಳತೊಡಗಿದಾಗ ಸ್ಟೇಟರ್‌ನಿಂದ ಯಾವ ಪ್ರಯೋಜನವೂ ಇಲ್ಲ, ಜೋಡಣೆಯೂ ಸಡಿಲ.

ಲೆಕ್ಕ ಹಾಕಿ ನೋಡಿದರೆ

ಜಿಮ್ನಿಯ ಅಂಕಿಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಮ್ಯಾನುಯಲ್ ಮಾದರಿಯ ಮೊದಲ ಗೇರಿನ ಅನುಪಾತ 4.425, ಆಟೊಮ್ಯಾಟಿಕ್ ಮಾದರಿಯದು 2.875. ಎರಡಕ್ಕೂ ಲೋ ರೇಂಜ್ ಅನುಪಾತ ಸುಮಾರು 2. ಕೊನೆಯ ಗೇರು ಮ್ಯಾನುಯಲ್‌ನಲ್ಲಿ 4.09, ಆಟೊಮ್ಯಾಟಿಕ್‌ನಲ್ಲಿ 4.3. ಇವುಗಳನ್ನು ಗುಣಿಸಿದರೆ, ಚಕ್ರ ಒಂದು ಸುತ್ತು ತಿರುಗಲು ಮ್ಯಾನುಯಲ್‌ನಲ್ಲಿ ಎಂಜಿನ್ ಸುಮಾರು 36 ಸುತ್ತು ತಿರುಗಬೇಕು. ಆಟೊಮ್ಯಾಟಿಕ್‌ನಲ್ಲಿ ಸುಮಾರು 25 ಸುತ್ತು ಸಾಕು.

ಕಾಗದದ ಮೇಲೆ ಆಟೊಮ್ಯಾಟಿಕ್ ಬಡವಾಗಿ ಕಾಣುತ್ತದೆ. ಏರಿನಲ್ಲಿ ಹೊರಡುವ ಕ್ಷಣದಲ್ಲಿ ಮಾತ್ರ ಹಾಗಲ್ಲ. ಕನ್ವರ್ಟರ್ ತಿರುಗುಬಲವನ್ನು ಎರಡು ಪಟ್ಟು ಮಾಡುವುದರಿಂದ ಆ 25, ಪರಿಣಾಮದಲ್ಲಿ 50ರ ಸಮೀಪ ಬರುತ್ತದೆ. 36ನ್ನು ಅದು ಹಿಂದಿಕ್ಕುತ್ತದೆ. ಅದರ ಮೇಲೆ, ಏರಿನ ನಡುವೆ ಕ್ಲಚ್ ಒತ್ತುವಾಗ ಬಲ ಕಡಿದುಹೋಗಿ ವಾಹನ ಹಿಂದಕ್ಕೆ ಜಾರುವ ಭಯವಿಲ್ಲ. ಕ್ಲಚ್ ಫಲಕ ಸುಟ್ಟುಕೊಳ್ಳುವ ಚಿಂತೆಯಿಲ್ಲ. ಬಲ ಚಕ್ರಕ್ಕೆ ಮೆಲ್ಲಗೆ, ಎಳೆಎಳೆಯಾಗಿ ತಲಪುವುದರಿಂದ ಕೆಸರಿನಲ್ಲಿ ಚಕ್ರ ಗಕ್ಕನೆ ಜಾರುವುದೂ ಕಡಿಮೆ. ಹಳಬರು ಒಪ್ಪಲಿ ಬಿಡಲಿ, ಜಾರುವ ಏರಿನಲ್ಲಿ ಸಾಧಾರಣ ಚಾಲಕನಿಗೆ ಆಟೊಮ್ಯಾಟಿಕ್ಕೇ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ.

ಇನ್ನು ಇಳಿಜಾರು. ಅಲ್ಲಿ ಕನ್ವರ್ಟರ್ ಏನನ್ನೂ ಕೂಡಿಸಿ ಕೊಡದು. ಇರುವುದು ಬರಿಯ 25, ಅದೂ ಸಡಿಲ ಜೋಡಣೆಯ 25. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿದ್ದರೆ ಆ ಗಾತ್ರದ ಚಕ್ರ ನಿಮಿಷಕ್ಕೆ ಸುಮಾರು 60 ಸುತ್ತು ತಿರುಗುತ್ತದೆ. ಮ್ಯಾನುಯಲ್ ಮಾದರಿಯಲ್ಲಿ ಎಂಜಿನ್ನನ್ನು ಚಕ್ರವು ಬಲವಂತವಾಗಿ ನಿಮಿಷಕ್ಕೆ 2,100ಕ್ಕೂ ಹೆಚ್ಚು ಸುತ್ತು ತಿರುಗಿಸಬೇಕಾಗುತ್ತದೆ. ಎಂಜಿನ್ ಅದನ್ನು ವಿರೋಧಿಸುತ್ತದೆ. ಆ ವಿರೋಧವೇ ನಾವು ಎಂಜಿನ್ ಬ್ರೇಕಿಂಗ್ ಎನ್ನುವ ಹಿಡಿತ. ಆಟೊಮ್ಯಾಟಿಕ್‌ನಲ್ಲಿ ಟರ್ಬೈನ್ ತಿರುಗುವುದು 1,500 ಸುತ್ತಿನ ಆಸುಪಾಸು. ಎಣ್ಣೆಯಲ್ಲಿ ಜಾರುವುದರಿಂದ ಎಂಜಿನ್ನಿಗೆ ತಲಪುವುದು ಅದಕ್ಕಿಂತಲೂ ಕಡಿಮೆ.

ಇದು ಗೇರನ್ನು 'ಎಲ್'ನಲ್ಲಿ ಕಟ್ಟಿಹಾಕಿದಾಗಿನ ಮಾತು. 'ಡಿ'ಯಲ್ಲಿಯೇ ಬಿಟ್ಟರೆ? ಆಕ್ಸಿಲರೇಟರ್‌ನಿಂದ ಕಾಲು ತೆಗೆದಿದ್ದೀರಿ, ದಂಡ ತಿರುಗುತ್ತಲೇ ಇದೆ. ಇನ್ನು ಬಲ ಬೇಕಾಗಿಲ್ಲ ಎಂದು ತಿಳಿದು ಗೇರ್‌ಬಾಕ್ಸು ಮೇಲಿನ ಗೇರಿಗೆ ಸರಿಯುತ್ತದೆ. ಎರಡನೇ ಗೇರಿನಲ್ಲಿ ಒಟ್ಟು ಅನುಪಾತ ಸುಮಾರು 13.5. ಅದೇ 8 ಕಿಲೋಮೀಟರ್ ವೇಗದಲ್ಲಿ ಟರ್ಬೈನ್ ತಿರುಗುವುದು ನಿಮಿಷಕ್ಕೆ ಸುಮಾರು 800 ಸುತ್ತು. ಎಂಜಿನ್ ಸುಮ್ಮನೆ ನಿಂತು ಉರಿಯುವ ವೇಗವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಹಿಡಿತ ಸೊನ್ನೆ. ಮೂರನೇ ಗೇರಿಗೆ ಹೋದರಂತೂ ಟರ್ಬೈನಿಗೆ ಬೇಕಾದದ್ದು 500 ಸುತ್ತಿನಷ್ಟೇ. ಆಗ ಎಂಜಿನ್ ವಾಹನವನ್ನು ತಡೆಯುವ ಬದಲು ಹಿಂದಿನಿಂದ ತಳ್ಳತೊಡಗುತ್ತದೆ! ಮೂಡಿಗೆರೆಯ ಆ ಚಾಲಕರಿಗೆ ಆದದ್ದು ಇದೇ. 4ಎಲ್ ಹಾಕಿದ್ದರು, ಅದು ಸರಿ. ಗೇರ್ ದಂಡ 'ಡಿ'ಯಲ್ಲಿಯೇ ಉಳಿದಿತ್ತು.

ಮರುದಿನ ಅವರು ಅದೇ ಇಳಿಜಾರಿನ ತಲೆಯಲ್ಲಿ ನಿಂತು, ಇಳಿಯುವ ಮೊದಲೇ ಗೇರನ್ನು ಮೊದಲನೆಯದಕ್ಕೆ ಕಟ್ಟಿ, ವಾಹನ ಅದನ್ನು ಹಿಡಿದುಕೊಂಡಿದೆಯೇ ಎಂದು ಸಮತಟ್ಟಿನಲ್ಲಿ ನಾಲ್ಕು ಮಾರು ನೋಡಿಕೊಂಡು ಇಳಿದರು. ಹಳೆಯ ಜೀಪಿನಷ್ಟು ಹಿಡಿತ ಆಗಲೂ ಇರಲಿಲ್ಲ, ಆಗಾಗ ಬ್ರೇಕ್ ಮುಟ್ಟಬೇಕಾಯಿತು. ಆದರೆ ವಾಸನೆ ಬರಲಿಲ್ಲ, ಚಕ್ರ ಜಾರಲಿಲ್ಲ. ಇಲ್ಲಿ 'ಮೊದಲೇ' ಎಂಬ ಮಾತಿಗೆ ತೂಕವಿದೆ. ವೇಗ ಏರಿದ ಮೇಲೆ ದಂಡವನ್ನು 'ಎಲ್'ಗೆ ಎಳೆದರೂ, ಎಂಜಿನ್ನನ್ನು ಕಾಪಾಡುವ ಸಲುವಾಗಿ ಕಂಪ್ಯೂಟರು ಕೆಳಗಿನ ಗೇರನ್ನು ಕೂಡಲೇ ಕೊಡದಿರಬಹುದು. ಇಳಿಜಾರಿನ ನಡುವೆ 'ಎನ್' ಸ್ಥಾನಕ್ಕೆ ತರುವುದಂತೂ ಸಲ್ಲದು. ಇರುವ ಅಲ್ಪ ಹಿಡಿತವನ್ನೂ ಕೈಯಾರೆ ಬಿಟ್ಟುಕೊಟ್ಟಂತೆ.

ಥಾರ್ ಮತ್ತು ಜಿಮ್ನಿಗಳಲ್ಲಿ ಹಿಲ್ ಡಿಸೆಂಟ್ ಕಂಟ್ರೋಲ್ ಎಂಬ ಗುಂಡಿಯಿದೆಯಲ್ಲ ಎಂದು ಕೇಳಬಹುದು. ಇದೆ, ಒಳ್ಳೆಯದೇ. ಆದರೆ ಅದು ಎಂಜಿನ್ ಹಿಡಿತವನ್ನು ಹೆಚ್ಚಿಸುವ ಮಂತ್ರವಲ್ಲ. ಎಬಿಎಸ್ ಯಂತ್ರದ ಮೂಲಕ ಒಂದೊಂದು ಚಕ್ರಕ್ಕೂ ಬೇರೆ ಬೇರೆಯಾಗಿ ಬ್ರೇಕ್ ಹಾಕುವ ವ್ಯವಸ್ಥೆ. ಚಾಲಕನ ಕಾಲಿಗೆ ಸಾಧ್ಯವಾಗದ ಸೂಕ್ಷ್ಮ ಕೆಲಸವನ್ನು ಅದು ಮಾಡುತ್ತದೆ. ಆದರೂ ಬಿಸಿಯಾಗುವುದು ಬ್ರೇಕೇ. ಉದ್ದದ ಇಳಿಜಾರಿನಲ್ಲಿ 4ಎಲ್ ಮತ್ತು ಮೊದಲ ಗೇರು ಹಾಕಿದ ಮೇಲೆ ಅದನ್ನು ನೆರವಿಗೆ ಕರೆಯಬೇಕೇ ಹೊರತು ಅವುಗಳ ಬದಲಿಗೆ ಅಲ್ಲ.

ಟಾರು ರಸ್ತೆಯಲ್ಲಿ ಬಿಗಿಯುವ ವಾಹನ

4ಎಚ್ ಬಗ್ಗೆ ಕೇಳಿಬರುವ ದೂರು ಬೇರೆಯದು. ಒಣ ಟಾರು ರಸ್ತೆಯಲ್ಲಿ 4ಎಚ್ ಹಾಕಿಕೊಂಡೇ ತಿರುವು ತೆಗೆದುಕೊಂಡರೆ ಯಾರೋ ಬ್ರೇಕ್ ಹಿಡಿದಂತೆ ವಾಹನ ಬಿಗಿಯುತ್ತದೆ. ಗೇರ್‌ಬಾಕ್ಸು ಕೆಟ್ಟಿತೆಂದು ಗ್ಯಾರೇಜಿಗೆ ಓಡುವವರುಂಟು. ಇದರಲ್ಲಿ ಗೇರ್‌ಬಾಕ್ಸಿನ ಪಾತ್ರವೇನೂ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಬಳಸು ಹಾಕುತ್ತವೆ, ಆದ್ದರಿಂದ ಹೆಚ್ಚು ತಿರುಗಬೇಕು. ಥಾರ್, ಜಿಮ್ನಿಗಳಂಥ ಪಾರ್ಟ್‌ಟೈಮ್ ವ್ಯವಸ್ಥೆಯಲ್ಲಿ ಮುಂದು ಹಿಂದುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. 4ಎಚ್ ಹಾಕಿದೊಡನೆ ಎರಡೂ ಪ್ರೊಪೆಲ್ಲರ್ ದಂಡಗಳು ಒಂದೇ ವೇಗಕ್ಕೆ ಬೆಸೆದುಕೊಳ್ಳುತ್ತವೆ. ಕೆಸರಾದರೆ ಚಕ್ರ ಸ್ವಲ್ಪ ಜಾರಿ ವ್ಯತ್ಯಾಸ ಸರಿದೂಗುತ್ತದೆ. ಟಾರಿನ ಮೇಲೆ ಜಾರಲಾಗದೆ ದಂಡಗಳು ಹುರಿಗೊಳ್ಳುತ್ತವೆ.

ಮ್ಯಾನುಯಲ್ ವಾಹನದಲ್ಲಿ ಹೀಗಾದರೆ ಎಂಜಿನ್ ನಡುಗಿ, ಕೆಲವೊಮ್ಮೆ ಬಂದಾಗಿ ಎಚ್ಚರಿಸುತ್ತದೆ. ಆಟೊಮ್ಯಾಟಿಕ್‌ನಲ್ಲಿ ಕನ್ವರ್ಟರ್ ಆ ನಡುಕವನ್ನು ನುಂಗಿಕೊಳ್ಳುತ್ತದೆ. ಚಾಲಕ ಇನ್ನಷ್ಟು ಆಕ್ಸಿಲರೇಟರ್ ಕೊಡುತ್ತಾನೆ, ವಾಹನ ಮುಂದೆ ಸಾಗುತ್ತದೆ. ಕಷ್ಟವೆಲ್ಲ ಟೈರು, ದಂಡ, ಟ್ರಾನ್ಸ್‌ಫರ್ ಕೇಸುಗಳ ಪಾಲಾಗುತ್ತದೆ. 4ಎಚ್‌ನಿಂದ 2ಎಚ್‌ಗೆ ದಂಡ ಬರಲು ಒಲ್ಲೆನೆಂದರೆ ಹುರಿ ಉಳಿದಿದೆ ಎಂದರ್ಥ. ನೇರವಾಗಿ ಕೆಲವು ಮೀಟರ್ ಹಿಂದಕ್ಕೆ ಚಲಿಸಿದರೆ ಬಿಚ್ಚಿಕೊಳ್ಳುತ್ತದೆ. ಮಧ್ಯ ಡಿಫರೆನ್ಷಿಯಲ್ ಇರುವ, ಸದಾಕಾಲ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ವಾಹನಗಳಿಗೆ ಈ ತೊಂದರೆ ಇಲ್ಲ.

'ಪಿ' ಎಂಬ ಭ್ರಮೆ

4ಎಚ್‌ನಿಂದ 4ಎಲ್‌ಗೆ ಹೋಗಲು ವಾಹನವನ್ನು ನಿಲ್ಲಿಸಿ, ಬ್ರೇಕ್ ಒತ್ತಿ, ಗೇರನ್ನು 'ಎನ್'ಗೆ ತಂದು ಆಮೇಲೆ ಟ್ರಾನ್ಸ್‌ಫರ್ ದಂಡ ಸರಿಸಬೇಕೆಂದು ಕೈಪಿಡಿಗಳು ಹೇಳುತ್ತವೆ. ಕ್ಲಚ್ ಇರುವ ವಾಹನದಲ್ಲಿ ಕ್ಲಚ್ ಒತ್ತಿದರೆ ಸಾಕಿತ್ತು. ಇಲ್ಲಿ 'ಡಿ'ಯಲ್ಲಿ ನಿಂತಿದ್ದರೂ ಕನ್ವರ್ಟರ್ ಎಣ್ಣೆಯ ಮೂಲಕ ದಂಡವನ್ನು ತಳ್ಳುತ್ತಲೇ ಇರುತ್ತದೆ. ಒತ್ತಡದಲ್ಲಿರುವ ಹಲ್ಲುಗಳನ್ನು ಬೇರ್ಪಡಿಸಲು ಹೋದರೆ ಸವೆತ ಖಚಿತ. 'ಎನ್'ನಲ್ಲಿಯೂ ಹಲ್ಲಿಗೆ ಹಲ್ಲು ಎದುರಾಗಿ ದಂಡ ಒಳಹೋಗದಿದ್ದರೆ ಬಲ ಪ್ರಯೋಗಿಸದೆ, ಹಿಂದಿನ ಸ್ಥಾನಕ್ಕೆ ತಂದು, ವಾಹನವನ್ನು ಒಂದಡಿ ಸರಿಸಿ ಮತ್ತೆ ಪ್ರಯತ್ನಿಸುವುದು ವಾಸಿ.

ಜೀವಕ್ಕೇ ಕುತ್ತಾಗಬಲ್ಲ ಅಪಾಯವೊಂದು ಇಲ್ಲಿ ಅಡಗಿದೆ. 'ಪಿ' ಹಾಕಿದಾಗ ಗೇರ್‌ಬಾಕ್ಸಿನ ಒಳಗಿನ ಕೊಕ್ಕೆಯೊಂದು ಅದರ ಹೊರದಂಡದ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಆ ದಂಡವಿರುವುದು ಟ್ರಾನ್ಸ್‌ಫರ್ ಕೇಸಿಗೆ ಮುಂಚೆ. 4ಎಚ್ ಮತ್ತು 4ಎಲ್‌ಗಳ ನಡುವೆ ಟ್ರಾನ್ಸ್‌ಫರ್ ದಂಡ ನ್ಯೂಟ್ರಲ್‌ನಲ್ಲಿ ಉಳಿದುಕೊಂಡರೆ ಗೇರ್‌ಬಾಕ್ಸಿಗೂ ಚಕ್ರಗಳಿಗೂ ಸಂಬಂಧವೇ ಇರುವುದಿಲ್ಲ. ಆಗ 'ಪಿ' ಹಾಕಿ ಇಳಿದು ಹೋದರೆ, ಇಳಿಜಾರಿನಲ್ಲಿ ವಾಹನ ತಾನಾಗಿ ಹೊರಟುಬಿಡುತ್ತದೆ. ಟೈರು ಬದಲಿಸುವಾಗಲೂ ಇಂಥದೇ ಅಪಾಯವುಂಟು. 2ಎಚ್‌ನಲ್ಲಿ 'ಪಿ' ತಡೆಯುವುದು ಹಿಂದಿನ ಪ್ರೊಪೆಲ್ಲರ್ ದಂಡವನ್ನು ಮಾತ್ರ. ಹಿಂದಿನ ಒಂದು ಚಕ್ರವನ್ನು ಜಾಕ್ ಹಾಕಿ ಎತ್ತಿದೊಡನೆ, ಡಿಫರೆನ್ಷಿಯಲ್ ಮೂಲಕ ಎತ್ತಿದ ಚಕ್ರ ಹಿಮ್ಮುಖವಾಗಿ ತಿರುಗಿ, ನೆಲದ ಮೇಲಿನ ಚಕ್ರ ಉರುಳಲು ದಾರಿಯಾಗುತ್ತದೆ. ಆದ್ದರಿಂದ ಕೈಬ್ರೇಕು, ಅದರ ಜೊತೆಗೆ ಚಕ್ರಕ್ಕೊಂದು ಕಲ್ಲು. ಮಲೆನಾಡಿನ ಲಾರಿ ಕ್ಲೀನರುಗಳ ಈ ಹಳೆಯ ಪದ್ಧತಿಗೆ ಯಾವ ಹೊಸ ತಂತ್ರಜ್ಞಾನವೂ ಬದಲಿಯಾಗಿಲ್ಲ.

ಎಣ್ಣೆ ಕುದಿಯುವ ಹೊತ್ತು

ಕನ್ವರ್ಟರ್ ಕೊಡುವ ಉಪಕಾರಕ್ಕೆ ಬೆಲೆ ತೆರಬೇಕಾದದ್ದು ಶಾಖದ ರೂಪದಲ್ಲಿ. ವಾಹನ ಹೂತುಕೊಂಡು ಚಕ್ರ ತಿರುಗದೆ ನಿಂತಿರುವಾಗ ಆಕ್ಸಿಲರೇಟರ್ ಒತ್ತಿದರೆ, ಎಂಜಿನ್ ಕೊಟ್ಟ ಶಕ್ತಿಯೆಲ್ಲ ಎಣ್ಣೆಯನ್ನು ಕಲಕುವುದಕ್ಕೇ ವ್ಯಯವಾಗುತ್ತದೆ. ಎಂಜಿನ್ 30 ಕಿಲೋವಾಟ್ ಶಕ್ತಿ ಕೊಡುತ್ತಿದೆ, ಒಳಗೆ 7 ಲೀಟರ್ ಎಣ್ಣೆಯಿದೆ ಎಂದಿಟ್ಟುಕೊಂಡು ಸ್ಥೂಲವಾಗಿ ಲೆಕ್ಕ ಹಾಕಿದರೆ ಎಣ್ಣೆಯ ಉಷ್ಣತೆ ಪ್ರತಿ ಸೆಕೆಂಡಿಗೆ 2ರಿಂದ 3 ಡಿಗ್ರಿಯಷ್ಟು ಏರಬೇಕು. ಹತ್ತು ಸೆಕೆಂಡು ಹೀಗೆ ಹೆಣಗಿದರೆ 25 ಡಿಗ್ರಿ. ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುವ ಈ ಎಣ್ಣೆ 120 ಡಿಗ್ರಿ ದಾಟಿದ ಮೇಲೆ ಬೇಗಬೇಗನೆ ಹಾಳಾಗತೊಡಗುತ್ತದೆ. ಕಾರ್ಯಾಗಾರಗಳಲ್ಲಿ ವಾಹನವನ್ನು ನಿಲ್ಲಿಸಿಕೊಂಡು ಮಾಡುವ ಸ್ಟಾಲ್ ಪರೀಕ್ಷೆಯನ್ನು 5 ಸೆಕೆಂಡಿಗಿಂತ ಹೆಚ್ಚು ಮಾಡಬಾರದೆಂಬ ಕಟ್ಟಳೆ ಇರುವುದು ಇದಕ್ಕಾಗಿಯೇ.

ಲೋ ರೇಂಜಿನ ನಿಜವಾದ ಉಪಕಾರ ಆಟೊಮ್ಯಾಟಿಕ್‌ಗೆ ಇಲ್ಲಿದೆ. ಅದೇ ಏರನ್ನು ಅದೇ ವೇಗದಲ್ಲಿ 4ಎಲ್‌ನಲ್ಲಿ ಹತ್ತಿದರೆ ಟರ್ಬೈನ್ ಎರಡು ಪಟ್ಟು ವೇಗವಾಗಿ ತಿರುಗುತ್ತದೆ, ಅದರ ಮೇಲಿನ ಭಾರ ಅರ್ಧವಾಗುತ್ತದೆ. ಎಂಜಿನ್ನಿಗೂ ಟರ್ಬೈನಿಗೂ ನಡುವಣ ವೇಗದ ಅಂತರ ಕಿರಿದಾಗಿ ಶಾಖ ತಗ್ಗುತ್ತದೆ. 4ಎಚ್‌ನಲ್ಲಿಯೇ ಹತ್ತುತ್ತದಲ್ಲ, 4ಎಲ್ ಯಾಕೆ ಎನ್ನುವವರಿಗೆ ಉತ್ತರ ಇದೇ. ಹತ್ತುವುದೇನೋ ಹತ್ತುತ್ತದೆ, ಎಣ್ಣೆಯನ್ನು ಬೇಯಿಸಿಕೊಂಡು.

ಹೂತ ವಾಹನವನ್ನು 'ಡಿ' ಮತ್ತು 'ಆರ್'ಗಳ ನಡುವೆ ತೂಗಿ ಎಬ್ಬಿಸುವ ಉಪಾಯ ಹಳೆಯದು. ಚಕ್ರ ಪೂರ್ತಿ ನಿಲ್ಲುವವರೆಗೆ ಕಾದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಬದಲಿಸಿದರೆ ಎರಡು ಮೂರು ಬಾರಿ ಮಾಡಬಹುದು. ತಿರುಗುವ ಚಕ್ರದೊಡನೆ ರಪರಪನೆ ಬದಲಿಸಿದರೆ ಒಳಗಿನ ಕ್ಲಚ್ ಫಲಕಗಳು ಉಳಿಯವು. ಅಷ್ಟರಲ್ಲಿ ಏಳದಿದ್ದರೆ ಗುದ್ದಲಿ ಹಿಡಿಯುವುದೇ ಅಗ್ಗ. ಬಿಸಿಯೇರಿದ ಸೂಚನೆಯ ದೀಪ ಹೊತ್ತಿಕೊಂಡರೆ ಎಂಜಿನ್ ನಿಲ್ಲಿಸುವ ಆತುರ ಬೇಡ. ಸುರಕ್ಷಿತ ಜಾಗದಲ್ಲಿ 'ಪಿ' ಹಾಕಿ, ಕೈಬ್ರೇಕ್ ಎಳೆದು, ಎಂಜಿನ್ ಚಾಲೂ ಇಟ್ಟರೆ ಪಂಪು ಎಣ್ಣೆಯನ್ನು ತಂಪುಪೆಟ್ಟಿಗೆಗೆ ಹರಿಸುತ್ತಿರುತ್ತದೆ.

ಕಾದ ಗೇರ್‌ಬಾಕ್ಸನ್ನು ಕೂಡಲೇ ಹಳ್ಳದ ನೀರಿಗೆ ಇಳಿಸುವುದೂ ಒಳ್ಳೆಯದಲ್ಲ. ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗಿ, ಉಸಿರುಕೊಳವೆಯ ಮೂಲಕವೋ ಸೀಲುಗಳ ಮೂಲಕವೋ ನೀರನ್ನು ಎಳೆದುಕೊಳ್ಳಬಹುದು. ಎಣ್ಣೆ ಸ್ಟ್ರಾಬೆರಿ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದು ತಿಳಿಯಬೇಕು. ಅಂಥ ಎಣ್ಣೆಯಲ್ಲಿ ಓಡಿಸಿದಷ್ಟೂ ಫಲಕಗಳ ಅಂಟು ಬಿಡುತ್ತದೆ.

ಎಲ್ಲ ಆಟೊಮ್ಯಾಟಿಕ್‌ಗಳೂ ಒಂದೇ ಅಲ್ಲ ಎಂಬುದನ್ನೂ ನೆನಪಿಡಬೇಕು. ಮೇಲೆ ಹೇಳಿದ್ದೆಲ್ಲ ಟಾರ್ಕ್ ಕನ್ವರ್ಟರ್ ಇರುವ ವಾಹನಗಳ ಮಾತು. ಎರಡು ಕ್ಲಚ್‌ಗಳ ಗೇರ್‌ಬಾಕ್ಸಿನಲ್ಲಿ ಕನ್ವರ್ಟರ್ ಇಲ್ಲದ ಕಾರಣ, ಏರಿನಲ್ಲಿ ಆಕ್ಸಿಲರೇಟರ್‌ನಿಂದಲೇ ವಾಹನವನ್ನು ತಡೆದು ನಿಲ್ಲಿಸಿದರೆ ಸವೆಯುವುದು ಕ್ಲಚ್ ಫಲಕವೇ. ಜೀಪ್ ಕಂಪಾಸ್‌ನ ಒಂಬತ್ತು ಗೇರುಗಳ ಆಟೊಮ್ಯಾಟಿಕ್‌ನಲ್ಲಿ ಪ್ರತ್ಯೇಕ ಲೋ ರೇಂಜ್ ಗೇರುಗಳಿಲ್ಲ, 'ಲೋ' ಗುಂಡಿ ಒತ್ತಿದರೆ ತೀರಾ ಕೆಳಗಿನ ಮೊದಲ ಗೇರನ್ನೇ ಹಿಡಿದಿಟ್ಟುಕೊಳ್ಳುತ್ತದೆ.

ಕೊನೆಯದಾಗಿ, ಮಲೆನಾಡಿನ ತೋಟಗಳಲ್ಲಿ ಬೇರೂರಿರುವ ಒಂದು ಅಭ್ಯಾಸದ ಬಗ್ಗೆ. ಬ್ಯಾಟರಿ ಸತ್ತ ಜೀಪನ್ನು ಇಳಿಜಾರಿಗೆ ತಳ್ಳಿ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡುವುದನ್ನು ಅಲ್ಲಿ ಹುಡುಗರೂ ಬಲ್ಲರು. ಆಟೊಮ್ಯಾಟಿಕ್‌ನಲ್ಲಿ ಇದು ಆಗದ ಕೆಲಸ. ಗೇರುಗಳನ್ನು ಹಿಡಿದಿಡುವುದು ಎಣ್ಣೆಯ ಒತ್ತಡ. ಆ ಒತ್ತಡ ಕೊಡುವ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತಿದ್ದರೆ ಗೇರೂ ಇಲ್ಲ, ಹಿಡಿತವೂ ಇಲ್ಲ. ಏರಿನ ನಡುವೆ ಎಂಜಿನ್ ಬಂದಾದರೆ ಮ್ಯಾನುಯಲ್ ಜೀಪು ಗೇರಿನಲ್ಲಿಯೇ ಕಚ್ಚಿಕೊಂಡು ನಿಲ್ಲುತ್ತಿತ್ತು. ಆಟೊಮ್ಯಾಟಿಕ್ ನಿಲ್ಲದು, ಕೂಡಲೇ ಬ್ರೇಕ್ ಒತ್ತಿ 'ಪಿ'ಗೆ ತರಬೇಕು. ಕೆಟ್ಟು ನಿಂತ ವಾಹನವನ್ನು ಚಕ್ರಗಳು ಉರುಳುವಂತೆ ದೂರ ಎಳೆದೊಯ್ದರೂ ಇದೇ ತೊಂದರೆ. ಪಂಪು ತಿರುಗದೆ, ಎಣ್ಣೆ ಹರಿಯದೆ ಗೇರುಗಳು ಒಣಗಿದಲ್ಲೇ ಉಜ್ಜಿಕೊಳ್ಳುತ್ತವೆ. ಲಾರಿಯ ಮೇಲೆ ಹೇರಿಕೊಂಡು ಹೋಗಬೇಕು, ಇಲ್ಲವೇ ಕೈಪಿಡಿ ಅನುಮತಿಸಿದ್ದರೆ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ತಂದು ಎಳೆಯಬೇಕು. ಮೂಡಿಗೆರೆಯ ಆ ಚಾಲಕರು ಇದನ್ನು ಕೇಳಿದ ಮೇಲೆ ಸಂತೆಗೆ ಹೋದಾಗ ಒಂದು ಜೊತೆ ಜಂಪರ್ ಕೇಬಲ್ ಕೊಂಡು ತಂದು ಸೀಟಿನಡಿ ಇಟ್ಟುಕೊಂಡಿದ್ದಾರೆ.